ಪಾರ್ಸಿಪನಿಯಲ್ಲಿ ಓಟು ಕೇಳಲು ಬಂದವರು

ಶನಿವಾರದ ಗಂಟೆ

೧೯೯೭ರ ಅಕ್ಟೋಬರ್ ೧೮, ಶನಿವಾರ, ಮಧ್ಯಾಹ್ನ ಮೂರೂ ಕಾಲು. ಅಮೆರಿಕಕ್ಕೆ ಬಂದು ಎಂಟನೆಯ ದಿನ, ನಾನಿದ್ದ ಮನೆಯ ಕರೆಗಂಟೆ ಮೊದಲ ಸಲ ಸದ್ದು ಮಾಡಿತು.

ಡೈರಿಯ ಹಿಂದಿನ ಪುಟಗಳಲ್ಲಿ ವಿಮಾನದ ಊಟ, ನ್ಯೂಯಾರ್ಕಿನ ಎತ್ತರದ ಕಟ್ಟಡಗಳು, ಅವನ್ನು ನೋಡಿ ಬಂದ ಕತ್ತು ನೋವು ಎಲ್ಲ ಇವೆ. ಅವನ್ನು ಅಲ್ಲಿಗೆ ಹೋಗಿಬಂದವರೆಲ್ಲ ಬರೆದಿದ್ದಾರೆ. ನಾನು ಆ ಗಂಟೆಯ ವಿಷಯವನ್ನಷ್ಟೇ ಹೇಳುತ್ತೇನೆ.

ಗದಗಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಪ್ಪನ ತಮ್ಮ ಶಂಕರ ಕಾಕಾ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಹೆದ್ದಾರಿಯ ಸೇತುವೆಗಳನ್ನು ನೋಡಿಕೊಳ್ಳುವ ಎಂಜಿನಿಯರ್. "ಹುಡುಗರಿಗೆ ಒಕ್ಕೂಟ ವ್ಯವಸ್ಥೆ ಅಂತ ಬೋರ್ಡ್ ಮ್ಯಾಲೆ ಬರೀತಿಯಲ್ಲ, ಒಂದು ಸಲ ಕಣ್ಣಿಲೆ ನೋಡು ಬಾ" ಎಂದು ಅವರೇ ಟಿಕೆಟ್ ಕಳಿಸಿದ್ದರು. ದಸರಾ ರಜೆಗೆ ಇನ್ನಷ್ಟು ರಜೆ ಸೇರಿಸಿ ಹೊರಟೆ. ಅವರ ಮಗಳು ಬಾಸ್ಟನ್ನಿನಲ್ಲಿ ಓದುತ್ತಿದ್ದಳು. ಕಾಕಾ ಬೆಳಗಿನ ಆರಕ್ಕೆ ಹೊರಟರೆ ಮರಳುವುದು ಸಂಜೆ ಏಳಕ್ಕೆ. ಮನೆಯಲ್ಲಿ ಇಡೀ ದಿನ ಅವರ ಹೆಂಡತಿ ಗಿರಿಜಾ ಚಿಗವ್ವ ಒಬ್ಬಳೇ.

ಗಂಟೆ ಸದ್ದಾದಾಗ ಅವಳು ಚಪಾತಿ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಸವಿತಾ, ಯಾರೋ ಬಂದಾರ! ಯಾರೋ ಬಂದಾರ ಬೇ!"

ಬೆಂಕಿ ಬಿತ್ತೋ ಏನೋ ಎಂದು ನಾನು ಮಹಡಿಯಿಂದ ಇಳಿದೆ. ಚಿಗವ್ವ ಸ್ವೆಟರಿನ ಮೇಲೆ ಸೆರಗು ಸರಿಮಾಡಿಕೊಂಡು, ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡು, ಆಮೇಲೆ ಬಾಗಿಲು ತೆಗೆದಳು.

ಎಪ್ಪತ್ತರ ಆಸುಪಾಸಿನ ಬಿಳಿಯ ಹೆಂಗಸು. ಗಿಡ್ಡ ಬೆಳ್ಳಿ ಕೂದಲು, ಕೆಂಪು ಮಳೆಯಂಗಿ, ಹೆಗಲಿಗೊಂದು ಬಟ್ಟೆಯ ಚೀಲ, ಎದೆಯ ಮೇಲೆ ಅಭ್ಯರ್ಥಿಯ ಹೆಸರಿದ್ದ ದುಂಡನೆಯ ಬಿಲ್ಲೆ. ಹೆಸರು ಡೋರಿಸ್ ಎಂದಳು. ನವೆಂಬರ್ ನಾಲ್ಕಕ್ಕೆ ಗವರ್ನರ್ ಚುನಾವಣೆ, ಮಿಸ್ಟರ್ ಶಂಕರ್ ಮನೆಯಲ್ಲಿದ್ದಾರಾ ಎಂದು ಕೇಳಿದಳು. ಇಲ್ಲ, ಶನಿವಾರವೂ ಕೆಲಸ ಎಂದಳು ಚಿಗವ್ವ.

"ಹಾಗಾದರೆ ನೀವು ಹೇಳಿ. ಯಾರಿಗೆ ಅಂತ ತೀರ್ಮಾನ ಮಾಡಿದ್ದೀರಾ?"

ಚಿಗವ್ವ ನನ್ನ ಮುಖ ನೋಡಿದಳು, ಮತ್ತೆ ಆಕೆಯ ಮುಖ ನೋಡಿದಳು. ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು: "ಇನ್ನೂ ಯೋಚನೆ ಮಾಡುತ್ತಿದ್ದೇನೆ. ಒಳಗೆ ಬನ್ನಿ."

ಒಳಗೆ ಹೋಗುವ ಪದ್ಧತಿ ಇಲ್ಲ, ಬೀದಿ ಪೂರ್ತಿ ಬಾಕಿ ಇದೆ ಎಂದು ಡೋರಿಸ್ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳುವಷ್ಟರಲ್ಲಿ ಅವಳು ಸೋಫಾದ ಮೇಲಿದ್ದಳು, ಕೈಯಲ್ಲಿ ಶುಂಠಿ ಚಹಾ ಇತ್ತು, ತಟ್ಟೆಯಲ್ಲಿ ಶೇಂಗಾ ಉಂಡಿ ಇತ್ತು. ಉಂಡಿ ಹೇಗೆ ತಿನ್ನಬೇಕೆಂದು ತಿಳಿಯದೆ ಚಾಕು ಕೇಳಿದಳು. ಕೊಟ್ಟೆವು. ಕತ್ತರಿಸಲು ಹೋದರೆ ಉಂಡಿ ಚಿಮ್ಮಿ ಟೀವಿಯ ಕೆಳಗೆ ಹೋಯಿತು. ಮೂವರೂ ನಕ್ಕೆವು.

ಅವಳು ಹೋದ ಮೇಲೆ ನಾನು ಕೇಳಿದೆ.

"ಚಿಗವ್ವ, ನಿನಗ ಇಲ್ಲಿ ಓಟಿಲ್ಲಲ್ಲ?"

ಕಾಕಾ ಮೂರು ವರ್ಷದ ಹಿಂದೆ ಅಲ್ಲಿಯ ಪ್ರಜೆಯಾಗಿದ್ದರು. ಚಿಗವ್ವ ಗ್ರೀನ್ ಕಾರ್ಡಿನಲ್ಲೇ ಇದ್ದಳು. ಗ್ರೀನ್ ಕಾರ್ಡಿನವರು ಇರಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು, ಓಟು ಹಾಕುವಂತಿಲ್ಲ.

"ಇಲ್ಲ."

"ಮತ್ತ ಯೋಚನಿ ಮಾಡಾಕತ್ತೀನಿ ಅಂದಿ?"

ಚಿಗವ್ವ ಟೀವಿಯ ಕೆಳಗೆ ಬಗ್ಗಿ ಉಂಡಿ ಹುಡುಕುತ್ತಾ ಹೇಳಿದಳು: "ಇಲ್ಲ ಅಂದಿದ್ರ ಆಕಿ ಮತ್ತ ಬರ್ತಿದ್ದಳೇನು?"

ರಾಜಭವನವಿಲ್ಲದ ಗವರ್ನರ್

ಊಟಕ್ಕೆ ಕುಳಿತಾಗ ಕಾಕಾಗೆ ಸುದ್ದಿ ಹೇಳಿದೆವು. ಅವರು ನನ್ನ ಪರೀಕ್ಷೆ ತೆಗೆದುಕೊಂಡರು.

"ಹೇಳು ಪ್ರೊಫೆಸರಮ್ಮ, ನಮ್ಮ ಕಡೆ ಗವರ್ನರ್ ಅಂದ್ರ ಯಾರು?"

"ರಾಜ್ಯಪಾಲರು. ರಾಷ್ಟ್ರಪತಿ ನೇಮಕ ಮಾಡ್ತಾರ."

"ಅವರ ಮುಖ ಯಾವಾಗ ನೋಡಿದ್ದಿ?"

ಘಟಿಕೋತ್ಸವದಲ್ಲಿ, ಬಹಳ ದೂರದಿಂದ. ನಮ್ಮಲ್ಲಿ ಗವರ್ನರ್ ಎಂದರೆ ದೆಹಲಿಯಿಂದ ಬಂದು ರಾಜಭವನದಲ್ಲಿ ಇಳಿಯುವ ಅತಿಥಿ. ಅವರ ಸಲುವಾಗಿ ಯಾರೂ ಯಾರ ಬಾಗಿಲೂ ಬಡಿಯುವುದಿಲ್ಲ. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯಂಥವರು; ಅವರನ್ನು ಜನರೇ ನೇರವಾಗಿ ಆರಿಸುತ್ತಾರೆ. ಆಗ ಆ ಕುರ್ಚಿಯಲ್ಲಿ ಒಬ್ಬ ಹೆಂಗಸು ಇದ್ದರು, ಮತ್ತೆ ನಿಂತಿದ್ದರು. ಜನ ಮಾತಾಡುತ್ತಿದ್ದದ್ದು ಕಾರಿನ ವಿಮೆ ದುಬಾರಿ ಎಂದು, ಮನೆ ತೆರಿಗೆ ಹೆಚ್ಚು ಎಂದು. ನಮ್ಮ ಕಡೆಯ ಹಾಗೆ ರಸ್ತೆ, ನೀರು, ಕರೆಂಟು ಎಂದು ಒಬ್ಬರೂ ಹೇಳಲಿಲ್ಲ.

ನನಗೆ ಆಶ್ಚರ್ಯವಾದದ್ದು ಬೇರೆ. ಐವತ್ತು ರಾಜ್ಯಗಳ ದೇಶ, ಆದರೆ ಆ ವರ್ಷ ಗವರ್ನರ್ ಚುನಾವಣೆ ಇದ್ದದ್ದು ನ್ಯೂಜೆರ್ಸಿ ಮತ್ತು ವರ್ಜೀನಿಯಾ ಎರಡರಲ್ಲೇ. ಉಳಿದವುಗಳಲ್ಲಿ ಬಹುಪಾಲು ಮುಂದಿನ ವರ್ಷ. ಎಲ್ಲೆಡೆ ನಾಲ್ಕು ವರ್ಷದ ಅವಧಿಯಾದರೆ ಎರಡು ಪುಟ್ಟ ರಾಜ್ಯಗಳಲ್ಲಿ ಎರಡೇ ವರ್ಷ. ಒಂದೇ ಕುಟುಂಬದ ಅಣ್ಣತಮ್ಮಂದಿರು ಬೇರೆ ಬೇರೆ ದಿನ ದೀಪಾವಳಿ ಮಾಡಿದ ಹಾಗೆ. ಇದನ್ನು ಒಂದು ಕೋಷ್ಟಕ ಮಾಡಿ ಡೈರಿಗೆ ಹಾಕಿಕೊಂಡೆ. ಈಗಲೂ ತರಗತಿಯಲ್ಲಿ ಅದನ್ನೇ ಬಳಸುತ್ತೇನೆ.

"ನೀನೂ ಸಿಟಿಜನ್ ಆಗು, ಗಿರಿಜಾ. ಆಕಿಗೆ ಓಟ್ ಹಾಕು, ಚಾ ಕುಡಿಸು, ಬೇಕಾದ್ದು ಮಾಡು" ಎಂದರು ಕಾಕಾ.

"ಪಾಸ್‌ಪೋರ್ಟ್ ಕೊಟ್ಟು ಓಟ್ ತಗೋಬೇಕು, ಹೌದಲ್ಲ? ಹಳೇ ಸೀರಿ ಕೊಟ್ಟು ಸ್ಟೀಲ್ ಪಾತ್ರಿ ತಗೊಂಡಂಗ. ಆಮ್ಯಾಲೆ ಆ ಸೀರಿ ನೆನಪಾದ್ರ ಪಾತ್ರಿಯಾಕಿ ಸಿಗ್ತಾಳೇನ್ರೀ?"

ಕಾಕಾ ಮಜ್ಜಿಗೆ ಸುರಿದುಕೊಂಡರು. ಈ ಮಾತು ಆ ಮನೆಯಲ್ಲಿ ಅದೇ ಮೊದಲಲ್ಲ ಎಂದು ತಿಳಿಯಿತು.

ಅಂಗಳದ ಎರಡು ಬೋರ್ಡು

ಡೋರಿಸ್ ಮಂಗಳವಾರ ಮತ್ತೆ ಬಂದಳು, ಗುರುವಾರವೂ ಬಂದಳು. ತೀರ್ಮಾನ ಮಾಡದ ಮನೆಗಳಿಗೆ ಮತ್ತೆ ಮತ್ತೆ ಹೋಗುವುದು ಅಲ್ಲಿಯ ಕ್ರಮ. ಚಿಗವ್ವ ಪ್ರತಿ ಸಲವೂ "ಇನ್ನೂ ಯೋಚನೆ ಮಾಡುತ್ತಿದ್ದೇನೆ" ಎಂದಳು. ಡೋರಿಸ್ ಕಾರಿನ ವಿಮೆಯ ಬಗ್ಗೆ ಎರಡು ಮಾತಾಡುವಳು. ಆಮೇಲೆ ಮಾತು ಗಂಡ ತೀರಿಕೊಂಡದ್ದರ ಕಡೆಗೆ, ಮಂಡಿನೋವಿನ ಕಡೆಗೆ, ವರ್ಮಾಂಟಿನಲ್ಲಿರುವ ಮಗಳ ಕಡೆಗೆ ಹೊರಳುವುದು. ವರ್ಮಾಂಟ್ ಎಂದರೆ ಎರಡು ವರ್ಷಕ್ಕೊಮ್ಮೆ ಗವರ್ನರನ್ನು ಆರಿಸುವ ಆ ಪುಟ್ಟ ರಾಜ್ಯಗಳಲ್ಲೊಂದು. ಆಕೆಯ ತಮ್ಮ ಇರುವುದು ವರ್ಜೀನಿಯಾದಲ್ಲಿ, ಅವನೂ ಇದೇ ನವೆಂಬರ್ ನಾಲ್ಕಕ್ಕೆ ಓಟು ಹಾಕುವವನು.

"ನಾವು ಅಕ್ಕ ತಮ್ಮ ವರ್ಷಕ್ಕೊಮ್ಮೆ ಫೋನ್ ಮಾಡುತ್ತೇವೆ. ಈ ಸಲ ಚುನಾವಣೆಯ ನೆಪದಲ್ಲಿ ಎರಡು ಸಲ ಆಯಿತು" ಎಂದಳು.

ಗುರುವಾರ ಹೋಗುವಾಗ ತನ್ನ ಅಭ್ಯರ್ಥಿಯ ಹೆಸರಿನ ಬೋರ್ಡನ್ನು ನಿಮ್ಮ ಹುಲ್ಲಿನ ಮೇಲೆ ನೆಡಬಹುದೇ ಎಂದು ಕೇಳಿದಳು. ಎರಡು ತಂತಿಯ ಕಾಲು, ಮೇಲೊಂದು ರಟ್ಟು. ಚಿಗವ್ವ ಹೂಂ ಎಂದಳು. ನಾನೇ ನೆಲಕ್ಕೆ ಒತ್ತಿದೆ.

ಶನಿವಾರ ಬೆಳಿಗ್ಗೆ ನೋಡಿದರೆ ಅದರ ಪಕ್ಕದಲ್ಲಿ ಎದುರಾಳಿಯ ಬೋರ್ಡು!

ಕಾಕಾ ಹಿಂದಿನ ಸಂಜೆ ಎಲೆ ಗುಡಿಸುವಾಗ ಪಕ್ಕದ ಮನೆಯ ಫ್ರಾಂಕ್ ಕೇಳಿದ್ದನಂತೆ. ಫ್ರಾಂಕ್ ನಿವೃತ್ತ ಅಂಚೆಯವನು, ಆ ಕಡೆಯ ಪಕ್ಷದವನು. ಕಾಕಾ ಅವನಿಗೂ ಹೂಂ ಅಂದಿದ್ದರು.

"ಒಂದು ಅಂಗಳದಾಗ ಎರಡು ಬೋರ್ಡ್ ಇಡ್ತಾರೇನ್ರೀ?" ಚಿಗವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ನಿನಗ ಒಬ್ಬಾಕಿ ಕೇಳಿದಳು, ಹೂಂ ಅಂದಿ. ನನಗ ಒಬ್ಬಾಂವ ಕೇಳಿದ, ಹೂಂ ಅಂದೆ. ಮನಿ ತನಕ ಬಂದವರಿಗೆ ಇಲ್ಲ ಅನ್ನೋದು ನಮ್ಮಪ್ಪ ಕಲಿಸಿಲ್ಲ."

ಅದು ನಿಜ. ನಮ್ಮ ಅಜ್ಜನ ಕಾಲದಲ್ಲಿ ಓಟು ಕೇಳಲು ಯಾವ ಪಕ್ಷದವರು ಬಂದರೂ ಕಂಬಳಿ ಹಾಸಿ, ನೀರು ಕೊಟ್ಟು, "ನಿಮಗ ಬಿಟ್ಟು ಯಾರಿಗೆ ಹಾಕೂಣು?" ಎಂದೇ ಕಳಿಸುತ್ತಿದ್ದರು. ಬಂದವರಿಗೂ ಅದು ಮರ್ಯಾದೆಯ ಮಾತೆಂದು ಗೊತ್ತಿರುತ್ತಿತ್ತು. ಪಾರ್ಸಿಪನಿಯ ಬೀದಿಗೆ ಮಾತ್ರ ಗೊತ್ತಿರಲಿಲ್ಲ. ನಾಯಿ ತಿರುಗಿಸುವವರು ನಿಂತು ನೋಡಿದರು. ಎದುರಿನ ಬಾಡಿಗೆ ಮನೆಗಳಲ್ಲಿ ಐದಾರು ಜನ ಒಟ್ಟಿಗಿದ್ದ ನಮ್ಮ ಸಾಫ್ಟ್‌ವೇರ್ ಹುಡುಗರು ಬಂದು ಬೋರ್ಡುಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡರು. "ಆಂಟಿ, ಇದು ಕೋಲಿಷನ್ ಗವರ್ನಮೆಂಟಾ?" ಎಂದು ಒಬ್ಬ ಕೇಳಿದ. ಚಿಗವ್ವ ಅವನಿಗೂ ಚಹಾ ಕೊಟ್ಟಳು.

ಡೋರಿಸ್ ಬಂದಾಗ ಎರಡೂ ಬೋರ್ಡುಗಳನ್ನು ಬಹಳ ಹೊತ್ತು ನೋಡಿ, "ಇಂಥ ಮನೆ ನಾನು ನೋಡಿಲ್ಲ" ಎಂದಳು. ಸಿಟ್ಟಾಗಲಿಲ್ಲ. ಆದರೆ ತನ್ನ ಬೋರ್ಡನ್ನು ಒಂದು ಗೇಣು ಮುಂದೆ ಸರಿಸಿ ನೆಟ್ಟಳು.

ಜೆರಿಕೋದಲ್ಲಿ ಒಂದು ಭಾನುವಾರ

ಅಕ್ಟೋಬರ್ ೨೬ರಂದು ಪಕ್ಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಕನ್ನಡದ ಡಾಕ್ಟರೊಬ್ಬರ ಮನೆಗೆ ದೀಪಾವಳಿಯ ಊಟಕ್ಕೆ ಹೋದೆವು. ಹನ್ನೆರಡು ಗಂಟೆಗೆ ಬನ್ನಿ ಎಂದು ಮೂರು ವಾರ ಮೊದಲೇ ನಿಶ್ಚಯವಾಗಿತ್ತು. ಅಲ್ಲಿ ಹಾಗೆಯೇ: ಯಾರ ಮನೆಗೆ ಹೋಗುವುದಾದರೂ ಮೊದಲು ಫೋನು, ಆಮೇಲೆ ಕ್ಯಾಲೆಂಡರು, ಹೊರಡುವಾಗ ಇನ್ನೊಂದು ಫೋನು.

ಹನ್ನೆರಡಕ್ಕೆ ಸರಿಯಾಗಿ ಗಂಟೆ ಒತ್ತಿದೆವು. ಡಾಕ್ಟರು ಬನಿಯನ್ನಿನಲ್ಲಿ ಬಾಗಿಲು ತೆಗೆದರು. ಅವರ ಹೆಂಡತಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಇಣುಕಿ ಒಳಗೆ ಓಡಿದರು. ಆ ದೇಶದಲ್ಲಿ ಚಳಿಗಾಲ ಬರುವಾಗ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆ ದಿನ ಅದೇ ಭಾನುವಾರ. ಕಾಕಾ ಮರೆತಿದ್ದರು. ನಾವು ಹೋದದ್ದು ಹನ್ನೊಂದಕ್ಕೆ.

ಕಾಕಾ ನಾಚಿ ಕಾರಿನಲ್ಲೇ ಕೂರುತ್ತೇವೆ ಎಂದರು. ಚಿಗವ್ವ ಮಾತ್ರ ಆಗಲೇ ಒಳಗೆ ಹೋಗಿ ಸೌತೆಕಾಯಿ ಹೆಚ್ಚುತ್ತಿದ್ದಳು. ಡಾಕ್ಟರ ಹೆಂಡತಿ ಉಡುಪಿ ಕಡೆಯವರು, ಗಂಭೀರ ಸ್ವಭಾವ. ಆದರೆ ಆ ಒಂದು ಗಂಟೆಯಲ್ಲಿ ಅವರಿಬ್ಬರೂ ಅಡಿಗೆಮನೆಯಲ್ಲಿ ಮಾತಾಡಿದಷ್ಟು, ಆಮೇಲೆ ಅತಿಥಿಗಳೆಲ್ಲ ಬಂದು ರೇಷ್ಮೆ ಸೀರೆಯಲ್ಲಿ ಸಾಲಾಗಿ ಕೂತ ಮೇಲೆ ಮಾತಾಡಲಿಲ್ಲ.

ಊಟದ ನಡುವೆ ಚಿಗವ್ವ ಕೇಳಿದಳು: "ನಿಮ್ಮನಿಗೆ ಓಟ್ ಕೇಳಾಕ ಬಂದಾರೇನ್ರೀ?"

"ಇಲ್ಲ ಮಾರಾಯ್ರೆ, ನ್ಯೂಯಾರ್ಕಿಗೆ ಗವರ್ನರ್ ಎಲೆಕ್ಷನ್ ಮುಂದಿನ ವರ್ಷ" ಎಂದರು ಡಾಕ್ಟರು.

"ಹಂಗಾದ್ರ ಮುಂದಿನ ವರ್ಷ ಈ ಹೊತ್ತಿಗೆ ನಾ ಇಲ್ಲೇ ಬಂದು ಇರ್ತೀನಿ."

ಎಲ್ಲರೂ ನಕ್ಕರು. ವಾಪಸು ಬರುವಾಗ ಕಾರಿನಲ್ಲಿ ಚಿಗವ್ವ ಕಿಟಕಿಯ ಕಡೆ ತಿರುಗಿಕೊಂಡು ಹೇಳಿದಳು: "ಎಷ್ಟು ವರ್ಷಾತು ಸವಿತಾ, ಹೇಳದ ಕೇಳದ ಒಬ್ಬರ ಮನಿಗೆ ಹೋಗಿ. ತಲಿ ಹಿಕ್ಕೊಂಡಿಲ್ಲ, ಮನಿ ಗುಡಿಸಿಲ್ಲ, ಬಾ ಅಂದ್ರು ನೋಡು."

ಮುಖವಾಡದ ಸಂಜೆ

ಅಕ್ಟೋಬರ್ ೩೧, ಶುಕ್ರವಾರ. ಹ್ಯಾಲೊವೀನ್ ಎಂಬ ಅವರ ಹಬ್ಬ. ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಬಂದು ಸಿಹಿ ಕೇಳುತ್ತಾರೆ ಎಂದು ಕಾಕಾ ಹೇಳಿದ್ದರು. ಹಿಂದಿನ ದಿನವಷ್ಟೇ ನಮ್ಮ ದೀಪ ಹಚ್ಚಿದ್ದೆವು, ಉಂಡಿ ಕಟ್ಟಿದ್ದೆವು. ಚಿಗವ್ವ ಒಂದು ಬುಟ್ಟಿ ತುಂಬ ಶೇಂಗಾ ಉಂಡಿ ಇಟ್ಟುಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಳು.

ಅಷ್ಟು ವೇಷ, ಅಷ್ಟು ಗಂಟೆ! ಅಸ್ಥಿಪಂಜರ, ಮಾಟಗಾತಿ, ಕುಂಬಳಕಾಯಿ. ಚಿಗವ್ವ ಒಬ್ಬೊಬ್ಬರ ಗಲ್ಲ ಮುಟ್ಟಿ ಉಂಡಿ ಹಾಕಿದಳು. ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ಮರಳಿ ಬಂದಳು. ಬಹಳ ಸೌಜನ್ಯದಿಂದ, ಎರಡು ಉಂಡಿಗಳನ್ನು ಅಂಗೈಯಲ್ಲಿಟ್ಟುಕೊಂಡು. ಮನೆಯಲ್ಲಿ ಮಾಡಿದ್ದನ್ನು ಮಕ್ಕಳಿಗೆ ಕೊಡುವುದಿಲ್ಲ, ಕಾಗದ ಸುತ್ತಿದ ಅಂಗಡಿಯ ಚಾಕೊಲೆಟ್ ಮಾತ್ರ, ತಪ್ಪು ತಿಳಿಯಬೇಡಿ ಎಂದಳು.

ಚಿಗವ್ವ ಉಂಡಿ ತೆಗೆದುಕೊಂಡು "ಸಾರಿ, ಸಾರಿ" ಎಂದಳು. ಕಾಕಾ ಅಂಗಡಿಗೆ ಡ್ರೈವ್ ಮಾಡಿ ಚಾಕೊಲೆಟ್ ತಂದರು. ಉಳಿದ ಮಕ್ಕಳಿಗೆ ಅದನ್ನು ಕೊಟ್ಟದ್ದು ನಾನು. ಚಿಗವ್ವ ಒಳಗೆ ಹೋಗಿ ತಾನೇ ಒಂದು ಉಂಡಿ ಬಾಯಿಗೆ ಹಾಕಿಕೊಂಡು, ಚೆನ್ನಾಗೇ ಇದೆಯಲ್ಲ ಎನ್ನುವಂತೆ ನಿಧಾನ ಅಗಿದಳು.

ಭಾನುವಾರ ಡೋರಿಸ್ ಬಂದಾಗ ಚಿಗವ್ವ ಇದನ್ನು ಹೇಳಿದಳು. ಡೋರಿಸ್ ಬುಟ್ಟಿಯನ್ನೇ ಕೇಳಿ ಮಡಿಲಲ್ಲಿಟ್ಟುಕೊಂಡು ಮೂರು ಉಂಡಿ ತಿಂದಳು. ಈಗ ಚಾಕು ಕೇಳುವುದು ಬಿಟ್ಟಿದ್ದಳು. ಹೊರಡುವಾಗ ಅಂದಳು: "ಮಂಗಳವಾರ ಹತ್ತು ಗಂಟೆಗೆ ಬರುತ್ತೇನೆ. ಮತಗಟ್ಟೆಗೆ ನನ್ನ ಕಾರಿನಲ್ಲೇ ಹೋಗೋಣ."

ಚಿಗವ್ವ ಹೂಂ ಅಂದುಬಿಟ್ಟಳು. ಬಾಗಿಲು ಮುಚ್ಚಿದ ಮೇಲೆ ಅವಳ ಮುಖ ಬಿಳುಚಿತು.

ರಾತ್ರಿ ಊಟದ ಹೊತ್ತಿಗೆ ಕಾಕಾ ರೇಗಿದರು. "ಏನ್ ಹುಚ್ಚಾಟ ಹಚ್ಚೀರಿ ಇಬ್ಬರೂ? ಓಟಿಲ್ಲದಾಕಿ ಅಲ್ಲಿ ಹೋಗಿ ಸಹಿ ಮಾಡಿದ್ರ ಗ್ರೀನ್ ಕಾರ್ಡ್ ಹೊಕ್ಕೈತಿ. ಫೋನ್ ಮಾಡಿ ಬರಬ್ಯಾಡ ಅನ್ನು."

"ಮನಿಗೆ ಬಂದು ಉಂಡಿ ತಿಂದಾಕಿಗೆ ಫೋನಿನ್ಯಾಗ ಹೆಂಗ ಹೇಳ್ಲಿ? ಎದುರಿಗೆ ಹೇಳ್ತೀನಿ."

"ಹೇಳಿದ ಮ್ಯಾಲೆ?"

"ಹೇಳಿದ ಮ್ಯಾಲೆ ಆಕಿ ಬರಂಗಿಲ್ಲ. ಅಷ್ಟ."

ಮಂಗಳವಾರ, ಅಗ್ನಿಶಾಮಕ ಠಾಣೆ

ನವೆಂಬರ್ ೪. ಚಿಗವ್ವ ಇಳಕಲ್ ಸೀರೆ ಉಟ್ಟಿದ್ದಳು. "ಸುಳ್ಳು ಒಪ್ಪಿಕೊಳ್ಳಾಕ ಇಷ್ಟು ಛಂದ ಉಡಬೇಕೇನು?" ಎಂದೆ. "ಓಟಿನ ದಿನ ಐತಲ್ಲ" ಎಂದಳು. ಊರಲ್ಲಿ ಓಟಿನ ದಿನ ಓಣಿಯ ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ಗುಂಪಾಗಿ ಶಾಲೆಗೆ ಹೋಗುತ್ತಿದ್ದದ್ದು ನನಗೂ ನೆನಪಾಯಿತು.

ಡೋರಿಸ್ ಒಳಗೆ ಬರಲಿಲ್ಲ. ಕಾರಿನ ಬಾಗಿಲು ತೆರೆದು ಹಿಡಿದುಕೊಂಡೇ ಕೈಬೀಸಿದಳು. ಚಿಗವ್ವ ಬಾಯಿ ತೆರೆದಳು, ಮುಚ್ಚಿದಳು, ಹೋಗಿ ಕೂತಳು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಅದರ ಹಿಂದಿನ ವರ್ಷದ ಲೋಕಸಭಾ ಚುನಾವಣೆಯಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದವಳು ನಾನು; ಪಟ್ಟಿಯಲ್ಲಿ ಹೆಸರಿಲ್ಲದೆ ಬಂದವರನ್ನು ಎಲ್ಲರೆದುರು ವಾಪಸು ಕಳಿಸಿದವಳು. ಚಿಗವ್ವ ಈಗ ಹೇಳದಿದ್ದರೆ ಒಳಗೆ ಆಗುವುದು ಅದೇ.

ಮತಗಟ್ಟೆ ಇದ್ದದ್ದು ಅಗ್ನಿಶಾಮಕ ಠಾಣೆಯಲ್ಲಿ. ಕೆಂಪು ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ಪೋಲೀಸರಿಲ್ಲ, ಬಿದಿರಿನ ಕಟ್ಟೆಯಿಲ್ಲ, ಪಕ್ಷದ ಪೆಂಡಾಲಿಲ್ಲ. ನಮ್ಮಲ್ಲಿ ನೂರು ಮೀಟರಿನೊಳಗೆ ಪ್ರಚಾರ ಮಾಡುವಂತಿಲ್ಲ, ಅಲ್ಲಿ ನೂರು ಅಡಿ. ಡೋರಿಸ್ ಕಾರು ನಿಲ್ಲಿಸಿ ಎದೆಯ ಬಿಲ್ಲೆ ಬಿಚ್ಚಿ ಚೀಲಕ್ಕೆ ಹಾಕಿದಳು.

ಆಗ ಚಿಗವ್ವ ಹೇಳಿದಳು. ಇಂಗ್ಲಿಷಿನಲ್ಲಿ, ಮೂರೇ ವಾಕ್ಯ. "ಡೋರಿಸ್, ನನಗೆ ಓಟಿಲ್ಲ. ನಾನು ಇಲ್ಲಿಯ ಪ್ರಜೆಯಲ್ಲ. ಮೊದಲ ದಿನವೇ ಹೇಳಬೇಕಿತ್ತು."

ಡೋರಿಸ್ ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಗೊತ್ತು, ಗಿರ್ಜಾ. ಎರಡನೆಯ ಸಲ ಬರುವಾಗಲೇ ಫ್ರಾಂಕ್ ಹೇಳಿದ. ಆ ಮನೆಯಲ್ಲಿ ಓಟಿರುವುದು ಗಂಡನಿಗೆ, ಹೆಂಡತಿಯ ಹತ್ತಿರ ಯಾಕೆ ಹೊತ್ತು ಕಳೀತೀಯ ಅಂತ. ಎದುರಾಳಿ ಕೊಟ್ಟ ಸಲಹೆ ಯಾರು ಕೇಳುತ್ತಾರೆ?"

ಚಿಗವ್ವ ನಗಲಿಲ್ಲ. "ಮತ್ತೆ ಯಾಕೆ ಬಂದಿರಿ? ನಿಮಗೆ ಎಷ್ಟು ಮನೆ ಬಾಕಿ ಇದ್ದವು."

"ಬೇರೆ ಮನೆಗಳಲ್ಲಿ ಬಾಗಿಲ ಸರಪಳಿ ತೆಗೆಯದೆ ಸಂದಿಯಲ್ಲೇ ಮಾತಾಡುತ್ತಾರೆ. ಅವರ ತಪ್ಪಲ್ಲ, ನಾನೂ ಹಾಗೇ ಮಾಡುತ್ತೇನೆ." ಕೀಲಿಯನ್ನು ಚೀಲಕ್ಕೆ ಹಾಕಿದಳು. "ಗಂಡ ಹೋದ ಮೇಲೆ ನನ್ನ ಮನೆಯ ಗಂಟೆ ಒತ್ತುವವರಿಲ್ಲ. ಚುನಾವಣೆ ಬಂದರೆ ಬೇರೆಯವರ ಗಂಟೆ ಒತ್ತಲು ನನಗೊಂದು ಕಾರಣ ಸಿಗುತ್ತದೆ. ನಾಳೆಯಿಂದ ಆ ಕಾರಣವೂ ಇಲ್ಲ."

ಚಿಗವ್ವ ಆಕೆಯ ಕೈ ಹಿಡಿದುಕೊಂಡು ಕನ್ನಡದಲ್ಲೇ ಹೇಳಿಬಿಟ್ಟಳು: "ನಾಳಿನೂ ಬಾರವಾ. ಕಾರಣ ಯಾಕ ಬೇಕು?"

ಡೋರಿಸ್ ನನ್ನ ಕಡೆ ತಿರುಗಿದಳು. ನಾನು ಅನುವಾದ ಮಾಡಿದೆ. ಅವಳು ತಲೆಯಾಡಿಸಿ, ಮೂಗು ಒರೆಸಿಕೊಂಡು, ಓಟು ಹಾಕಲು ಒಳಗೆ ಹೋದಳು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಒಳಗೆ ಮುದುಕಿಯರು ನಾಲ್ವರು ಮೇಜಿನ ಹಿಂದೆ, ಪಕ್ಕದಲ್ಲಿ ಕಾಫಿಯ ಪಾತ್ರೆ, ಪರದೆ ಕಟ್ಟಿದ ಯಂತ್ರ. ಡೋರಿಸಳ ಬೂಟುಗಳು ಪರದೆಯ ಕೆಳಗೆ ಕಾಣುತ್ತಿದ್ದವು.

"ಊರಾಗ ನನ್ನ ಹೆಸರು ಇನ್ನೂ ಐತೇನು?" ಚಿಗವ್ವ ಕೇಳಿದಳು.

ಇತ್ತು. ಹಿಂದಿನ ವರ್ಷ ಪಕ್ಷದವರು ಮನೆಗೆ ತಂದುಕೊಟ್ಟ ಕ್ರಮಸಂಖ್ಯೆಯ ಚೀಟಿಗಳಲ್ಲಿ ಅವಳದೂ ಒಂದಿತ್ತು. ಊರಲ್ಲಿಲ್ಲ, ಅಮೆರಿಕದಲ್ಲಿದ್ದಾಳೆ ಎಂದರೆ, "ಇರ್ಲಿ ಇಟ್ಕೋರಿ" ಎಂದು ಕೊಟ್ಟು ಹೋದರು. ಅವ್ವ ಅದನ್ನು ಹರಿಯಲಿಲ್ಲ, ದೇವರ ಜಗಲಿಯ ಮೇಲಿಟ್ಟಳು.

ಹೇಳಿದೆ. ಚಿಗವ್ವ ಬಹಳ ಹೊತ್ತು ಆ ಬೂಟುಗಳ ಕಡೆಗೇ ನೋಡುತ್ತಿದ್ದಳು.

ಕಾಕಾ ಸಂಜೆ ಓಟು ಹಾಕಿ ಬಂದರು. ಯಾರಿಗೆ ಎಂದು ಚಿಗವ್ವ ಕೇಳಿದ್ದಕ್ಕೆ, "ಎರಡೂ ಬೋರ್ಡ್ ಹಚ್ಚೀವಲ್ಲ, ಇನ್ನೇನ್ ಹೇಳ್ಲಿ?" ಎಂದರು. ಫಲಿತಾಂಶ ಆ ರಾತ್ರಿಯೇ ಬಂತು, ಕೂದಲೆಳೆಯ ಅಂತರ. ಗೆದ್ದವರು ಯಾರೆಂದು ಪತ್ರಿಕೆಗಳಲ್ಲಿದೆ. ನಮ್ಮ ಮನೆಯಲ್ಲಿ ಅದನ್ನು ಕೇಳಿದ ಮೇಲೂ ಚಿಗವ್ವ ನಾಳೆಯ ಚಹಾಕ್ಕೆ ಶುಂಠಿ ಇದೆಯೇ ಎಂದು ನೋಡಿದಳು.

ಆಮೇಲೆ

ಬುಧವಾರ ಗಂಟೆ ಸದ್ದಾಗಲಿಲ್ಲ. ಚಿಗವ್ವ ಮೂರು ಕಪ್ಪಿಗೆ ನೀರಿಟ್ಟು, ಆಮೇಲೆ ಒಂದು ಕಪ್ಪಿನಷ್ಟನ್ನು ಚೆಲ್ಲಿದಳು. ಗುರುವಾರ ಡೋರಿಸ್ ಬಂದಳು. ಬೋರ್ಡು ಕಿತ್ತುಕೊಂಡು ಹೋಗಬೇಕು, ಅದು ನಿಯಮ ಎಂದಳು. ಅಷ್ಟು ಸಣ್ಣದೊಂದು ಕೆಲಸಕ್ಕೆ ಎರಡೂವರೆ ಗಂಟೆ ಕೂತಳು. ಫ್ರಾಂಕ್‌ನ ಬೋರ್ಡನ್ನೂ ಅವಳೇ ಕಿತ್ತಳು. ತಂತಿಯ ಕಾಲುಗಳನ್ನು ಚಿಗವ್ವ ಕೇಳಿ ಇಟ್ಟುಕೊಂಡಳು, ಬೇಸಿಗೆಯಲ್ಲಿ ಹೀರೇಬಳ್ಳಿಗೆ ಆಗುತ್ತದೆ ಎಂದು.

ಶನಿವಾರ ನಾನು ಹೊರಟೆ. ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಚಿಗವ್ವ ಅಳಲಿಲ್ಲ. "ಊರಿಗೆ ಹೋದ ಮ್ಯಾಲೆ ಆ ಚೀಟಿ ಅಲ್ಲೇ ಐತೇನ್ ನೋಡು" ಎಂದಷ್ಟೇ ಹೇಳಿದಳು. ಅಲ್ಲೇ ಇತ್ತು. ಕುಂಕುಮ ಬಿದ್ದು ಅಂಚು ಕೆಂಪಾಗಿತ್ತು.

ಆ ಚಳಿಗಾಲವೆಲ್ಲ ಡೋರಿಸ್ ಕಾರಣವಿಲ್ಲದೆ ಬಂದಳು. ಪ್ರತಿ ಕಾಗದದಲ್ಲೂ ಅವಳ ಸುದ್ದಿ ಇರುತ್ತಿತ್ತು: ಶೇಂಗಾ ಹುರಿಯಲು ಕಲಿತಳು, ಹಿಮದಲ್ಲಿ ಜಾರಿದಳು, ಮಂಡಿ ಹೆಚ್ಚಾಯಿತು. 'ಬಾರವಾ' ಎಂಬ ಮಾತು ಕಲಿತು ಫ್ರಾಂಕ್‌ನ ಮೇಲೂ ಪ್ರಯೋಗಿಸಿದಳು. ಮುಂದಿನ ಜೂನಿನ ಕಾಗದ ಚಿಕ್ಕದು. ಅದನ್ನು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ.

"ಸವಿತಾ, ಡೋರಿಸ್ ಎರಡು ವಾರ ಬರಲಿಲ್ಲ. ಫೋನ್ ಯಾರೂ ಎತ್ತಲಿಲ್ಲ. ನಾನೇ ನಡಕೊಂಡು ಆಕಿ ಮನಿಗೆ ಹೋದೆ. ಇಷ್ಟು ದಿನ ಆಕಿನ ಬರ್ತಿದ್ದಳು, ನಾ ಒಮ್ಮೆಯೂ ಹೋಗಿರಲಿಲ್ಲ. ಆಕಿ ಅಂಗಳದಾಗ ಒಂದು ಬೋರ್ಡ್ ಐತಿ, ಮನಿ ಮಾರಾಟಕ್ಕ ಅಂತ. ಗಂಟಿ ಒತ್ತಿದೆ. ಒಳಗ ಗಂಟಿ ಸಪ್ಪಳ ಕೇಳಿಸ್ತು, ಯಾರೂ ಬರಲಿಲ್ಲ. ಮಗಳು ಬಂದು ಕರಕೊಂಡು ಹೋಗ್ಯಾಳ ಅಂತ ಬಾಜೂದವರು ಅಂದರು. ಆಸ್ಪತ್ರಿಗೋ ವರ್ಮಾಂಟಿಗೋ ಅವರಿಗೂ ಗೊತ್ತಿಲ್ಲ. ಹೀರೇಬಳ್ಳಿ ಹಬ್ಬೈತಿ. ನಿಮ್ಮ ಕಾಕಾ ಮತ್ತ ಸಿಟಿಜನ್ ಆಗು ಅನ್ನಾಕತ್ತಾರ. ಇನ್ನೂ ಯೋಚನಿ ಮಾಡಾಕತ್ತೀನಿ."

ಡೋರಿಸಳ ಮಗಳ ಹೆಸರಾಗಲಿ ಊರಾಗಲಿ ನಾವು ಕೇಳಿಕೊಂಡಿರಲಿಲ್ಲ. ನನ್ನ ಡೈರಿಯಲ್ಲಿ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುವ ರಾಜ್ಯ ಎಂದಷ್ಟೇ ಇದೆ. ವರ್ಮಾಂಟಿನ ಕಡೆ ಇರುವ ಕನ್ನಡದವರು ಇದನ್ನು ಓದುತ್ತಿದ್ದರೆ, ನಿಮ್ಮ ಬಾಗಿಲಿಗೆ ಕೆಂಪು ಮಳೆಯಂಗಿಯ ಮುದುಕಿಯೊಬ್ಬಳು ಗವರ್ನರ್ ಚುನಾವಣೆಗೆ ಓಟು ಕೇಳಲು ಬಂದಿದ್ದರೆ, ಚಾಕು ಕೇಳದೆ ಉಂಡಿ ತಿಂದಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆದು ತಿಳಿಸಿ. ಪಾರ್ಸಿಪನಿಯ ಸುತ್ತಮುತ್ತ ಇರುವವರು ಬರೆಯುವುದೂ ಬೇಡ. ಚಿಗವ್ವನ ವಿಳಾಸ ಸಂಪಾದಕರ ಬಳಿ ಇದೆ. ಕೇಳಿಕೊಂಡು ಹೋಗಿ ಗಂಟೆ ಒತ್ತಿ. ಮೊದಲು ಫೋನ್ ಮಾಡಬೇಡಿ.